ನನ್ನ ಮೇಲಿರುವ ಆರು ಮಂದಿ ಅಂಗರಕ್ಷಕರನ್ನು ಇಳಿಸಿಕೊಳ್ಳುವಂತೆ ಕೋರಿ

ಗಣ್ಯರ ಭದ್ರತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಬೂಟುಗಳಿಗೂ, ಆ ಬೂಟುಗಳನ್ನು ತಪಾಸಣೆ ಮಾಡಿ ಒಳಬಿಡುವ ಯಂತ್ರಕ್ಕೂ, ಆ ಯಂತ್ರವನ್ನು ದಿನಾ ಬೆಳಗ್ಗೆ ಮೂಸಿ ನೋಡಿ ಅಡ್ಡಿಯಿಲ್ಲವೆಂದು ಬಾಲ ಆಡಿಸುವ ತಮ್ಮ ಇಲಾಖೆಯ ನಾಯಿಗೂ ಮೊದಲಾಗಿ ನನ್ನ ಅನಂತ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಎಲ್ಲರೂ ಪತ್ರದ ಮೊದಲ ಸಾಲಿನಲ್ಲಿ ಸುಮ್ಮನೆ ಬರೆದುಬಿಡುವ ಕ್ಷೇಮವಲ್ಲ ಇದು. ಆರು ಮಂದಿ ಬಂದೂಕು ಹಿಡಿದು ಸುತ್ತ ನಿಂತು, ಬೇಡವೆಂದರೂ ಬಿಡದೆ ನನ್ನ ಮೇಲೆ ಹೇರಿರುವ ಕ್ಷೇಮ. ನಾನು ಬರೆಯುವ ಪತ್ರಗಳನ್ನೆಲ್ಲ ತಮ್ಮವರು ಹೇಗೂ ಒಡೆದು, ಬೆಳಕಿಗೆ ಹಿಡಿದು, ಓದಿ, ಮತ್ತೆ ಅಂಟಿಸುವ ಶ್ರಮ ತೆಗೆದುಕೊಳ್ಳುತ್ತಿರುವುದರಿಂದ, ಅವರಿಗೆ ಅಷ್ಟಾದರೂ ಬಿಡುವು ಸಿಗಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಯಾರೆಂಬುದು ತಮಗೆ ತಿಳಿದಿರಲಾರದು, ಏಕೆಂದರೆ ತಮ್ಮ ಇಲಾಖೆಯ ಮಟ್ಟಿಗೆ ನಾನು ಬೇರೆಯವನಾಗಿ ಬಹಳ ದಿನವಾಯಿತು. ನಿಜವಾಗಿ ನಾನೊಬ್ಬ ದರ್ಜಿ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿ ಎರಡು ಹೊಲಿಗೆ ಯಂತ್ರದ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಒಬ್ಬಳೇ ಮಗಳು ಫುಟ್‌ಬಾಲ್ ತಂಡದ ಗೋಲ್‌ಕೀಪರು. ವರ್ಷಗಟ್ಟಲೆ ಬೆಂಚಿನ ಮೇಲೆ ಕುಳಿತು ಬೇರೆಯವರ ನೀರಿನ ಬಾಟಲಿ ಕಾಯ್ದವಳು. ಈ ಸಲದ ಫೈನಲ್‌ನಲ್ಲಿ ತಾನೇ ಗೋಲು ಕಾಯುವುದೆಂದು ಗೊತ್ತಾದ ಕೂಡಲೇ ತರಬೇತಿ ಶಿಬಿರದಿಂದ ಫೋನ್ ಮಾಡಿ, "ಅಪ್ಪ, ನೀನು ಗೋಲಿನ ಹಿಂದೆ ಇರು ಸಾಕು, ನಂಗೆ ಇನ್ನೇನೂ ಬೇಡ" ಎಂದಿದ್ದಳು. ಅವಳು ಶಾಲೆಯಲ್ಲಿ ಆಡುವಾಗಿನಿಂದಲೂ ನನ್ನ ಜಾಗ ಅದೇ. ಆಗ ಆಟ ನೋಡುವವರೇ ಇರುತ್ತಿರಲಿಲ್ಲ, ಆಚೆ ಹೋದ ಚೆಂಡನ್ನು ಓಡಿ ತರಲು ಒಬ್ಬ ಬೇಕಾಗಿತ್ತು. "ಇರ್ತೀನಿ ಮಗಳೇ" ಎಂದು ಮಾತು ಕೊಟ್ಟೆ. ನನ್ನ ಆಸೆ ಇದ್ದದ್ದು ಇಷ್ಟೇ, ನನ್ನ ದೂರೂ ಇಷ್ಟೇ. ಮಿಕ್ಕಿದ್ದೆಲ್ಲ ತಮ್ಮ ಇಲಾಖೆಯ ಔದಾರ್ಯ.

ಪಂದ್ಯಕ್ಕೆ ಎರಡು ವಾರವಿರುವಾಗ, ಕ್ರೀಡಾಂಗಣದಲ್ಲಿ ಗಣ್ಯರ ವೇದಿಕೆಗೆ ಪರದೆ ಹೊಲಿಯಲು ನನ್ನನ್ನು ಕರೆಸಿದ್ದರು. ನಾನು ಏಣಿ ಇಳಿದು ಬೆವರು ಒರೆಸಿಕೊಳ್ಳುತ್ತಿದ್ದಾಗ ತಮ್ಮ ಅಧಿಕಾರಿಯೊಬ್ಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ, ನಡುವೆ ಹೊಟ್ಟೆಯ ಹತ್ತಿರ ತುಸು ಹೆಚ್ಚು ಹೊತ್ತು ನಿಂತು, ನೋಡಿದರು. ಅಂದು ಭದ್ರತಾ ತಾಲೀಮು ಇತ್ತಂತೆ. ಪಂದ್ಯಕ್ಕೆ ಬರಲಿದ್ದ ಮುಖಂಡರು ಆಗ ಬೆಟ್ಟದ ಮೇಲಿನ ಬಂಗಲೆಯಲ್ಲಿ ವಿಶ್ರಾಂತಿಯಲ್ಲಿದ್ದರು, ಅವರ ಬದಲಿಗೆ ಒಬ್ಬ ಡಮ್ಮಿ ಬೇಕಿತ್ತು, ಮತ್ತು ಮುಖಂಡರ ಎತ್ತರ, ಮುಖಂಡರ ಹೊಟ್ಟೆ, ಮುಖಂಡರ ಬೋಳುತಲೆ ಮೂರನ್ನೂ ದೇವರು ಯಾಕೋ ನನಗೂ ಕೊಟ್ಟುಬಿಟ್ಟಿದ್ದ. "ಒಂದು ಗಂಟೆ ಕೆಲಸ ಅಷ್ಟೇ, ನಡೀರಿ ಕೂರಿ" ಎಂದು ಕಪ್ಪು ಕಾರಿನಲ್ಲಿ ಕೂರಿಸಿದರು, ಇಳಿಸಿದರು, ಮೆಟ್ಟಿಲು ಹತ್ತಿಸಿದರು, ಕೈ ಬೀಸಿಸಿದರು. ನಾನು ಬಡಪಾಯಿ ಇಲ್ಲದ ಜನಕ್ಕೆ ಕೈ ಬೀಸಿದೆ. ತಮ್ಮ ಆರು ಮಂದಿ ಅಂಗರಕ್ಷಕರು ಆ ಗಳಿಗೆಯಿಂದ ನನ್ನನ್ನು "ಒಂದನೆಯವರು" ಎಂದು ಕರೆಯತೊಡಗಿದರು.

ತಾಲೀಮು ಶುರು ಮಾಡಿದ ಅಧಿಕಾರಿಗೆ ಅದೇ ಸಂಜೆ ವರ್ಗವಾಯಿತು. ಅವರು ಗಡಿಬಿಡಿಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೊರಟರೇ ಹೊರತು ತಾಲೀಮು ಮುಗಿಯಿತೆಂದು ಹೇಳಲು ಮರೆತರು. ತಮ್ಮ ಇಲಾಖೆಯ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು: ನಾನು ನಮಸ್ಕಾರ ಹೇಳಿ ಬಸ್ ಹತ್ತಿದರೆ ಆರು ಮಂದಿಯೂ ಹತ್ತಿದರು, ಮನೆಯ ಬಾಗಿಲು ತಟ್ಟಿದರೆ ನನಗಿಂತ ಮೊದಲು ಒಳಗೆ ಹೋಗಿ ನನ್ನ ಹೆಂಡತಿಯ ಕೈ ಮೇಲೆತ್ತಿಸಿದರು. ಮರುದಿನ ಹೊಸ ಅಧಿಕಾರಿಗಳ ಮುಂದೆ ಹೋಗಿ ಅಲವತ್ತುಕೊಂಡೆ. ಅವರು ತಾಳ್ಮೆಯಿಂದ ಕೇಳಿ, ಕನ್ನಡಕ ತೆಗೆದು ಒರೆಸಿ, "ನೋಡಿ, ರಕ್ಷಣೆ ಹಿಂತೆಗೆಯೋಕೆ ಆದೇಶ ಬೇಕು. ಹಿಂತೆಗೆಯೋ ಆದೇಶ ಹೊರಡಿಸೋಕೆ ಮೊದಲು ಕೊಟ್ಟ ಆದೇಶ ಇರಬೇಕು. ನಿಮಗೆ ರಕ್ಷಣೆ ಕೊಟ್ಟೇ ಇಲ್ಲವಲ್ಲ, ಏನನ್ನ ಹಿಂತೆಗೀಲಿ?" ಎಂದರು. ಹಿಂದೆ ನಿಂತಿದ್ದ ಆರು ಮಂದಿಯನ್ನು ತೋರಿಸಿದೆ. "ಅದು ತಾಲೀಮು" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಗಾದೆಯ ಮನುಷ್ಯನನ್ನು ಆವತ್ತು ಮೊದಲ ಸಲ ಕಣ್ಣಾರೆ ಕಂಡೆ. ಆತ ಇಷ್ಟು ಸಭ್ಯನಾಗಿರುತ್ತಾನೆಂದು ಮಾತ್ರ ಎಣಿಸಿರಲಿಲ್ಲ.

ಮಾನ್ಯರೇ, ನನ್ನ ಮನೆಯಲ್ಲಿರುವುದು ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಈಗ ನಾನು, ಹೆಂಡತಿ, ಶಿಬಿರದಿಂದ ಮರಳಿದ ಮಗಳು, ನನ್ನ ಅತ್ತೆ ಮತ್ತು ತಮ್ಮ ಆರು ಮಂದಿ ಸುಖವಾಗಿದ್ದೇವೆ. ತಂಡದ ಹಿರಿಯನಿಗೆ ನಮ್ಮತ್ತೆ ಮೊದಲ ದಿನವೇ ಗಂಟುಮೋರೆ ಎಂದು ಹೆಸರಿಟ್ಟರು. ಅವರು ಅದನ್ನು ಗುಪ್ತನಾಮವೆಂದು ತಿಳಿದು ತಂಡದ ವೈರ್‌ಲೆಸ್‌ನಲ್ಲೂ ಬಳಸತೊಡಗಿದ್ದಾರೆ. ನನ್ನ ತಟ್ಟೆಯ ಊಟವನ್ನು ವಿಷವಿದೆಯೋ ಎಂದು ಮೊದಲು ರುಚಿ ನೋಡುವುದು ಗಂಟುಮೋರೆಯವರ ಕರ್ತವ್ಯ, ಮತ್ತು ಅವರು ಕರ್ತವ್ಯದಲ್ಲಿ ಒಂದಗುಳೂ ಉಳಿಸುವವರಲ್ಲ. ನನ್ನ ಹೆಂಡತಿ ಕೈಯಲ್ಲಿ ಸೌಟು ಹಿಡಿದು, "ರೀ, ವಿಷ ಹಾಕೋದಿದ್ರೆ ನಾನು ಮದುವೆಯಾದ ವರ್ಷವೇ ಹಾಕ್ತಿದ್ದೆ ಅಂತ ಇವರಿಗೆ ಸ್ವಲ್ಪ ಹೇಳ್ರೀ" ಎಂದದ್ದನ್ನು ಅವರು ಬೆದರಿಕೆ ಎಂದು ದಾಖಲಿಸಿಕೊಂಡರು. ಅಂದಿನಿಂದ ಆಕೆ ನನ್ನ ಪಕ್ಕದಲ್ಲಿ ಕೂರಬೇಕಾದರೆ ಗುರುತಿನ ಚೀಟಿ ತೋರಿಸಬೇಕು. ಬಚ್ಚಲಿಗೆ ಹೋದರೆ ಇಬ್ಬರು ಬಾಗಿಲಲ್ಲಿ ನಿಂತು, "ಒಂದನೆಯವರು ಒಳಗೆ" ಎಂದು ಊರಿಗೆಲ್ಲ ತಿಳಿಸುತ್ತಾರೆ. ಅತ್ತೆಯವರೊಬ್ಬರು ಮಾತ್ರ ಖುಷಿಯಾಗಿದ್ದಾರೆ. "ಅಳಿಯಂದಿರೇ, ಮೂವತ್ತು ವರ್ಷದಲ್ಲಿ ನಿಮ್ಮನ್ನ ಯಾರಾದ್ರೂ ಲೆಕ್ಕಕ್ಕೆ ತಗೊಂಡಿದ್ದು ಇದೇ ಮೊದಲು, ಸುಮ್ಮನೆ ಅನುಭವಿಸಿ" ಎನ್ನುತ್ತಾರೆ.

ಅಂಗಡಿಯ ಕಥೆ ಕೇಳಬೇಡಿ, ಆದರೂ ಹೇಳುತ್ತೇನೆ. ರಕ್ಷಿತ ವ್ಯಕ್ತಿಯ ಹತ್ತಿರ ಮೊನಚಾದ, ಹರಿತವಾದ ಯಾವ ವಸ್ತುವೂ ಇರಕೂಡದೆಂಬ ನಿಯಮದಂತೆ ತಮ್ಮವರು ನನ್ನ ಕತ್ತರಿಯನ್ನೂ ಸೂಜಿಗಳನ್ನೂ ವಶಪಡಿಸಿಕೊಂಡರು. ಸೂಜಿಯಿಲ್ಲದೆ ದರ್ಜಿ ಏನು ಮಾಡಬೇಕೆಂದು ಕೇಳಿದರೆ, "ಒಂದನೆಯವರು ಕೆಲಸ ಮಾಡೋ ಹಾಗಿಲ್ಲ, ಉದ್ಘಾಟನೆ ಮಾಡಬಹುದು" ಎಂದರು. ಬಂದ ಗಿರಾಕಿಗಳನ್ನು ಕೈ ಮೇಲೆತ್ತಿಸಿ ತಡವುತ್ತಿದ್ದುದರಿಂದ ಅಳತೆ ತೆಗೆಯಲು ಮಾತ್ರ ಅನುಕೂಲವಾಯಿತು. ಹೇಗೂ ಎತ್ತಿದ್ದಾರಲ್ಲ ಎಂದು ನಾನೂ ಎದೆಯ ಸುತ್ತಳತೆ ಬರೆದುಕೊಳ್ಳುತ್ತಿದ್ದೆ. ಆದರೆ ಒಮ್ಮೆ ಬಂದವರು ಎರಡನೇ ಸಲ ಬರಲಿಲ್ಲ. ಬೀಗದವನು ತನ್ನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಪರದೆ ಎಳೆದು, "ಅಣ್ಣಾ, ನೀನು ಒಳ್ಳೆಯವನೇ, ಆದ್ರೆ ನಿನ್ನ ಪಕ್ಕ ಇರೋಕೆ ಭಯ ಆಗ್ತದೆ. ಯಾರಿಗೆ ಗೊತ್ತು, ನಿನಗೆ ಬಿಟ್ಟ ಗುಂಡು ನಂಗೆ ತಾಗಿದ್ರೆ?" ಎಂದ. ನನಗೆ ಗುಂಡು ಹೊಡೆಯುವವರು ಯಾರೋ ಎಂದರೆ, "ಇಷ್ಟು ಜನ ಕಾಯ್ತಿದಾರೆ ಅಂದ್ಮೇಲೆ ಯಾರೋ ಇರಲೇಬೇಕು" ಎಂದ. ಆ ರಾತ್ರಿಯಿಂದ ನನಗೂ ಸ್ವಲ್ಪ ಭಯವಾಗತೊಡಗಿದೆ.

ಇಷ್ಟನ್ನೂ ಸಹಿಸಿಕೊಂಡೆ. ಮೂಗಿಗಿಂತ ಮೂಗುತಿ ಭಾರವಾದರೂ ಹೊರುತ್ತೇನೆ, ಫೈನಲ್ ದಿನ ಒಂದು ಟಿಕೆಟ್ ಹಿಡಿದು ಗೋಲಿನ ಹಿಂದೆ ಹೋಗಿ ಕುಳಿತರೆ ಆಯಿತು, ಆರು ಮಂದಿಗೂ ಟಿಕೆಟ್ ತೆಗೆದರೆ ಆಯಿತು ಎಂದುಕೊಂಡಿದ್ದೆ. ಪಂದ್ಯದ ದಿನ ಗಂಟುಮೋರೆಯವರು ನನ್ನ ಟಿಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಇಂಥ ಜಾಗದಲ್ಲಿ ಒಂದನೆಯವರು ಕೂರುವಂತಿಲ್ಲವೆಂದು ಗೇಟಿನ ಕಾವಲುಗಾರನ ಕೈಗೆ ಕೊಟ್ಟುಬಿಟ್ಟರು. ಮುಗಿಯದ ತಾಲೀಮಿನಲ್ಲಿ ಎರಡು ವಾರ ನುರಿತ ಗೇಟಿನವರು ನನ್ನ ಹೊಟ್ಟೆ ಕಂಡದ್ದೇ ಟಪ್ಪನೆ ಸೆಲ್ಯೂಟ್ ಹೊಡೆದರು. ಕಪ್ಪು ಕಾರು, ಮೆಟ್ಟಿಲು, ಕೈ ಬೀಸುವುದು, ಎಲ್ಲ ಯಥಾಪ್ರಕಾರ. ಈ ಸಲ ಎದುರಿಗೆ ಜನವೂ ಇದ್ದರು, ಅವರೂ ಕೈ ಬೀಸಿದರು. "ನಾನು ದರ್ಜಿ, ನಾನು ದರ್ಜಿ" ಎಂದು ಕೂಗಿದೆ. ಮುಖಂಡರು ಎಷ್ಟು ಸರಳ ನೋಡಿ ಎಂದು ಚಪ್ಪಾಳೆ ತಟ್ಟಿದರು.

ನಿಜವಾದ ಮುಖಂಡರು ಬೆಟ್ಟದಿಂದ ಇಳಿದು ನೇರವಾಗಿ ಕ್ರೀಡಾಂಗಣಕ್ಕೆ ಬಂದದ್ದು ಅರ್ಧ ಗಂಟೆಯ ಮೇಲೆ. ಅವರ ಅಂಗರಕ್ಷಕರೆಲ್ಲ ನನ್ನ ಸುತ್ತ ಇದ್ದುದರಿಂದ ಅವರ ಜೊತೆಗೆ ಡ್ರೈವರ್ ಒಬ್ಬನೇ ಇದ್ದನಂತೆ. ಮುಂದಿನದನ್ನು ಗೇಟಿನ ಕಾವಲುಗಾರನೇ ಆಮೇಲೆ ಗಂಟುಮೋರೆಯವರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡದ್ದು. ಮುಖಂಡರು ಕಾರಿನಿಂದಿಳಿದು, "ನಾನು ಯಾರು ಗೊತ್ತೇನ್ರೀ?" ಎಂದರಂತೆ. ಇವನು ನಕ್ಕು, "ಗೊತ್ತು ಬಿಡಿ ಸ್ವಾಮಿ, ಡಮ್ಮಿ. ಒಂದನೆಯವರು ಆಗಲೇ ಒಳಗೆ ಹೋದ್ರು, ಇವತ್ತು ನಿಮಗೆ ಕೆಲಸ ಇಲ್ಲ. ಪಾಪ ಇಷ್ಟು ದಿನ ದುಡಿದಿದ್ದೀರಿ, ತಗೊಳ್ಳಿ ಈ ಟಿಕೆಟ್, ಗೋಲಿನ ಹಿಂದೆ ಒಳ್ಳೆ ಜಾಗ, ಹಾಯಾಗಿ ಕೂತು ಆಟ ನೋಡಿ" ಎಂದು ಬೆನ್ನು ತಟ್ಟಿ ಒಳಗೆ ಕಳಿಸಿದನಂತೆ. ಅದು ನನ್ನ ಟಿಕೆಟ್, ಮಾನ್ಯರೇ. ನನ್ನ ಕುರ್ಚಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳುವವರನ್ನು ನೋಡಿದ್ದೇನೆ. ನನ್ನ ತುತ್ತನ್ನು ಕೈಯಿಂದ ಕಿತ್ತು, ಹೊಟ್ಟೆ ತುಂಬಿದವರೊಬ್ಬರನ್ನು ಕರೆದು, ಬಲವಂತದಿಂದ ತಿನ್ನಿಸಲಾಯಿತು.

ಗಣ್ಯರ ವೇದಿಕೆಯಿಂದ ಆಟ ಎಷ್ಟು ಚೆನ್ನಾಗಿ ಕಾಣುತ್ತದೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ನನ್ನ ಮುಂದೆ ಮೊದಲು ಗುಂಡು ನಿರೋಧಕ ಗಾಜು; ಅದು ನಮ್ಮೆಲ್ಲರ ಉಸಿರಿಗೆ ಮಬ್ಬಾಗಿ ಬಚ್ಚಲಮನೆಯ ಕಿಟಕಿಯಂತಾಗಿತ್ತು, ಒರೆಸೋಣವೆಂದರೆ ಕರವಸ್ತ್ರದ ತಪಾಸಣೆ ಆಗಿರಲಿಲ್ಲ. ಗಾಜಿನ ಈಚೆ ಗಂಟುಮೋರೆಯವರ ಬೆನ್ನು. ಇಡೀ ಫೈನಲ್ ಪಂದ್ಯವನ್ನು ನಾನು ಆ ಬೆನ್ನಿನ ಮೇಲೆಯೇ ನೋಡಿದೆ. ಬಲತೋಳಿನ ಹೊಲಿಗೆ ಬಿಟ್ಟಿತ್ತು, ಸೂಜಿಯಿದ್ದರೆ ಅಲ್ಲೇ ಹಾಕಿಕೊಡುತ್ತಿದ್ದೆ. ನನ್ನ ಪಕ್ಕದ ಕುರ್ಚಿಯಲ್ಲಿ ಹೆಸರಾಂತ ಚಿತ್ರನಟರು, ಅವರ ಸುತ್ತ ಅವರದೇ ದಾಂಡಿಗರು. ನಟರ ದಾಂಡಿಗರು ನನ್ನವರನ್ನು ತಡವುವುದು, ನನ್ನವರು ನಟರ ದಾಂಡಿಗರನ್ನು ತಡವುವುದು, ಇದೇ ಮಧ್ಯಂತರದವರೆಗೂ ನಡೆಯಿತು. ನಟರು ಪಾಪ ಒಳ್ಳೆಯವರು. ಹಣ್ಣಿನ ರಸ ಹೀರುತ್ತಾ, "ಸರ್, ನಿಮಗೆ ಏನಾದ್ರೂ ಕಾಣ್ತಿದೆಯಾ?" ಎಂದು ಕೇಳಿದರು. ಇಲ್ಲವೆಂದೆ. "ನಂಗೆ ಹನ್ನೆರಡು ವರ್ಷದಿಂದ ಏನೂ ಕಂಡಿಲ್ಲ" ಎಂದರು.

ಆಟ ಸಮಸಮವಾಗಿ ಮುಗಿದು ಪೆನಾಲ್ಟಿ ಹೊಡೆತಗಳಿಗೆ ಬಂತೆಂಬುದು ನನಗೆ ಧ್ವನಿವರ್ಧಕದಿಂದ ತಿಳಿಯಿತು. ಕೊನೆಯ ಹೊಡೆತ. ನನ್ನ ಮಗಳು ತಡೆದರೆ ಕಪ್ ನಮ್ಮದು, ಬಿಟ್ಟರೆ ಅವರದು. ನಾಚಿಕೆ ಬಿಟ್ಟು ಹೇಳುತ್ತೇನೆ, ಕೈ ಮುಗಿದು ಗಂಟುಮೋರೆಯವರ ಬೆನ್ನಿಗೆ, "ಸ್ವಾಮಿ, ಒಂದೇ ಒಂದು ಗಳಿಗೆ ಪಕ್ಕಕ್ಕೆ ಸರೀರಿ, ನನ್ನ ಮಗಳು" ಎಂದೆ. ಅವರು ನಿಜವಾಗಿಯೂ ಅರ್ಧ ಹೆಜ್ಜೆ ಸರಿದರು. ಅದೇ ಗಳಿಗೆಗೆ ನಟರು ಕುಡಿದು ಕೆಳಗಿಟ್ಟ ರಸದ ಡಬ್ಬಿಯ ಮೇಲೆ ಅವರ ದಾಂಡಿಗನೊಬ್ಬ ಕಾಲಿಟ್ಟ. ಢಬ್ ಎಂದಿತು. ತಮ್ಮ ಆರೂ ಮಂದಿ ಒಬ್ಬರ ಮೇಲೊಬ್ಬರು ನನ್ನ ಮೇಲೆ ಬಿದ್ದರು.

ಅಷ್ಟು ಅಚ್ಚುಕಟ್ಟಾಗಿ ಬಿದ್ದದ್ದಕ್ಕೆ ಅವರಿಗೆ ಪದಕ ಕೊಡಬೇಕೆಂದು ಶಿಫಾರಸು ಮಾಡುತ್ತೇನೆ. ಆದರೆ ಮುಂದೆ ಏನಾಯಿತೆಂದು ಕೇಳಿ. ಮುಖಂಡರಿಗೆ ಗುಂಡೇಟು ಬಿತ್ತೆಂದು ಇಡೀ ಕ್ರೀಡಾಂಗಣ ವೇದಿಕೆಯತ್ತ ತಿರುಗಿತು. ಕ್ಯಾಮೆರಾಗಳೆಲ್ಲ ತಿರುಗಿದವು, ದೇಶಕ್ಕೆ ದೇಶವೇ ಟೀವಿಯಲ್ಲಿ ನೋಡಿದ್ದು ಆರು ಬೆನ್ನುಗಳ ಗುಡ್ಡೆ ಮತ್ತು ಅದರ ಕೆಳಗಿನಿಂದ ಹೊರಬಂದಿದ್ದ ನನ್ನ ಒಂದು ಚಪ್ಪಲಿ. ತೀರ್ಪುಗಾರರು ತಿರುಗಿದರು. ಚೆಂಡನ್ನು ಅಷ್ಟರಲ್ಲಿ ಒದ್ದಾಗಿತ್ತು. ಒದ್ದ ಹುಡುಗಿ ಸದ್ದಿಗೆ ಬೆದರಿ ನೆಲಕ್ಕೆ ಕವುಚಿಕೊಂಡಳಂತೆ. ಎಲ್ಲರೂ ಮತ್ತೆ ಗೋಲಿನತ್ತ ತಿರುಗಿದಾಗ ಚೆಂಡು ನನ್ನ ಮಗಳ ಎದೆಯಲ್ಲಿತ್ತು, ಮಗಳು ನೆಲದ ಮೇಲಿದ್ದಳು. ಕಪ್ ನಮ್ಮದಾಯಿತು. ಅವಳು ಅದನ್ನು ಹೇಗೆ ಹಿಡಿದಳೆಂದು ನೋಡಿದವರು ಭೂಮಿಯ ಮೇಲೆ ಯಾರೂ ಇಲ್ಲ.

ಅವಳೂ ನೋಡಿಲ್ಲ. ಮನೆಗೆ ಬಂದು ಕಪ್ಪನ್ನು ಅಕ್ಕಿಡಬ್ಬಿಯ ಮೇಲಿಟ್ಟು ಅವಳು ಮೊದಲು ಕೇಳಿದ್ದೇ ಅದನ್ನು. "ಅಪ್ಪ, ಕೊನೇದಕ್ಕೆ ಮುಂಚೆ ತಿರುಗಿ ನೋಡಿದೆ. ನೀನು ಕೂತಿದ್ದೆ, ಬಿಸಿಲಿಗೆ ತಲೆ ಮಿಂಚ್ತಿತ್ತು. ಆ ಗಲಾಟೇಲೂ ನೀನಿದೀಯಲ್ಲ ಅಂತ ಧೈರ್ಯ ಬಂತು. ಆಮೇಲೆ ಕಣ್ಣು ಮುಚ್ಕೊಂಡುಬಿಟ್ಟೆ. ಹೇಗೆ ಹಿಡಿದೆ ಹೇಳು." ನಾನು ಬಹಳ ಚೆನ್ನಾಗಿ ಹಿಡಿದೆ ಎಂದೆ. "ಅದು ಸರಿ, ಹೇಗೆ?" ಎಂದಳು. ನಾನು ಅಂಗಡಿಯಲ್ಲಿ ಕೆಲಸವಿದೆಯೆಂದು ಎದ್ದುಹೋದೆ, ಸೂಜಿಯಿಲ್ಲದ ಅಂಗಡಿಗೆ. ಅವಳು ನೋಡಿದ ತಲೆ ಮುಖಂಡರದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಿಸಿ ತುಪ್ಪದ ಹಾಗೆ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ದಿನಾ ಸಂಜೆ ಚಹಾ ಹಿಡಿದು ಪಕ್ಕದಲ್ಲಿ ಬಂದು ಕೂರುತ್ತಾಳೆ, ದಿನಾ ನನಗೆ ಅಂಗಡಿಯಲ್ಲಿ ಕೆಲಸ ಬರುತ್ತದೆ.

ಆದ್ದರಿಂದ ಮಾನ್ಯರೇ, ತಮ್ಮ ಅಮೂಲ್ಯ ಸಮಯದಲ್ಲಿ ಬಿಡುವು ಮಾಡಿಕೊಂಡು ನನ್ನ ವಿನಂತಿಗಳನ್ನು ಪರಿಶೀಲಿಸಬೇಕು. ಕೊಡದೆ ಇರುವ ರಕ್ಷಣೆಯನ್ನು ಹಿಂತೆಗೆಯಲಾಗದು ಎಂಬುದು ಒಪ್ಪತಕ್ಕ ಮಾತು. ಹಾಗಾಗಿ ಮೊದಲು ನನಗೆ ವಿಧಿವತ್ತಾಗಿ ರಕ್ಷಣೆ ಮಂಜೂರು ಮಾಡಿ, ಆ ಶಾಯಿ ಒಣಗುವ ಮುಂಚೆಯೇ ಅದನ್ನು ರದ್ದು ಮಾಡಬೇಕು. ಅದಕ್ಕೂ ನಿಯಮ ಅಡ್ಡ ಬಂದರೆ ನನ್ನನ್ನು ಒಂದು ಚುನಾವಣೆಗೆ ನಿಲ್ಲಿಸಿ ಸೋಲಿಸಬೇಕು. ಸೋತವರ ಮನೆಯಿಂದ ತಮ್ಮವರು ಮರುದಿನ ಬೆಳಗಾಗುವುದರೊಳಗೆ ಮಾಯವಾಗುತ್ತಾರೆಂದು ಕೇಳಿ ಬಲ್ಲೆ. ಮುಂದಿನ ಪಂದ್ಯಗಳಲ್ಲಿ ಗಣ್ಯರನ್ನು ಮನೆಯಲ್ಲಿಯೇ ಇರಿಸಿ ಅವರ ಡಮ್ಮಿಗಳನ್ನೂ, ಅಂಗರಕ್ಷಕರ ಡಮ್ಮಿಗಳನ್ನೂ, ಸಾಧ್ಯವಾದರೆ ಆ ಗಾಜಿನ ಡಮ್ಮಿಯನ್ನೂ ವೇದಿಕೆಯ ಮೇಲಿರಿಸಿದರೆ, ಆಟ ನೋಡಲು ಬಂದವರಿಗೆ ಆಟ ಕಂಡೀತು.

ಇವು ಯಾವುದೂ ಆಗದಿದ್ದರೆ ಬೇಡ, ಒಂದನ್ನಾದರೂ ನಡೆಸಿಕೊಡಬೇಕು. ಯಾರೂ ನೋಡಿಲ್ಲವೆಂದೆನಾದರೂ, ಆ ಹೊಡೆತವನ್ನು ನೋಡಿರಬಹುದಾದವರು ಒಬ್ಬರಿದ್ದಾರೆ: ನನ್ನ ಕುರ್ಚಿಯಲ್ಲಿ, ಗೋಲಿನ ಹಿಂದೆ, ಎಂಟು ಹೆಜ್ಜೆ ದೂರದಲ್ಲಿ ಕುಳಿತಿದ್ದ ಮುಖಂಡರು. ಅವರು ಒಂದು ಸಂಜೆ ನಮ್ಮ ಓಣಿಗೆ ಬಂದು, ಎಡಕ್ಕೆ ಹಾರಿದಳೋ ಬಲಕ್ಕೆ ಹಾರಿದಳೋ, ಬೆರಳ ತುದಿಗೆ ಸಿಕ್ಕಿತೋ ಎದೆಗೇ ಬಂತೋ, ಬಿದ್ದ ಮೇಲೆ ನಕ್ಕಳೋ ಅತ್ತಳೋ ಎಂದು ನನ್ನ ಕಿವಿಯಲ್ಲಿ ಹೇಳಿ ಹೋಗಲಿ. ಅವರಿಗೆ ಭದ್ರತೆಯ ಚಿಂತೆ ಬೇಡ, ಇಲ್ಲಿ ಆರು ಮಂದಿ ಹೇಗೂ ಇದ್ದಾರೆ. ಈ ಪತ್ರ ಬಹಿರಂಗವಾದರೂ ನನ್ನ ಮಗಳ ಕಣ್ಣಿಗೆ ಮಾತ್ರ ಬೀಳದಂತೆ ನೋಡಿಕೊಳ್ಳಬೇಕು. ತುಂಬಿದ ಕ್ರೀಡಾಂಗಣದಲ್ಲಿ ಅವಳನ್ನು ನನ್ನಿಂದ ಮುಚ್ಚಿಟ್ಟವರಿಗೆ ಒಂದು ಕಾಗದವನ್ನು ಅವಳಿಂದ ಮುಚ್ಚಿಡುವುದು ಏನು ಮಹಾ ಕೆಲಸ.

ಬಿಡುಗಡೆಯನ್ನು ಎದುರು ನೋಡುತ್ತಾ, ಸದ್ಯಕ್ಕೆ ಪೂರ್ತಿಯಾಗಿ ತಮ್ಮ ವಶದಲ್ಲಿರುವ,

ತಮ್ಮ ವಿಶ್ವಾಸಿ,
ಒಂದನೆಯವರು
(ದರ್ಜಿ)

ತಾ.ಕ.: ಈ ಪತ್ರವನ್ನು ಒಡೆದು ಓದಬೇಕಾದ ಗಂಟುಮೋರೆಯವರು ಓದಿ, ನನಗೆ ಹೇಳದೆ ತಾವೇ ಮುಖಂಡರ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾರೆ. ಆ ಗಳಿಗೆಯಲ್ಲಿ ಮುಖಂಡರೂ ವೇದಿಕೆಯತ್ತಲೇ ನೋಡುತ್ತಿದ್ದರಂತೆ, ತಮ್ಮಂತೆಯೇ ಇರುವವರೊಬ್ಬರ ಮೇಲೆ ಆರು ಮಂದಿ ಬಿದ್ದದ್ದನ್ನು ಕಂಡು, "ಅಯ್ಯೋ, ನನಗೇನಾಯ್ತು?" ಎಂದು ಎದೆ ಹಿಡಿದುಕೊಂಡು ಎದ್ದು ನಿಂತರಂತೆ. ಇನ್ನು ಕೇಳಲು ಯಾರೂ ಉಳಿಯಲಿಲ್ಲವಾದ್ದರಿಂದ ನಿನ್ನೆ ಸಂಜೆ ಮಗಳಿಗೆ ನಾನೇ ಬಾಯಿಗೆ ಬಂದಂತೆ ಹೇಳಿದೆ: ಬಲಕ್ಕೆ ಹಾರಿದೆ, ಹದ್ದಿನ ಹಾಗೆ ಹಾರಿದೆ, ಬೆರಳಿಗೆ ಸಿಕ್ಕಿದ್ದನ್ನು ಎದೆಗೆ ಎಳೆದುಕೊಂಡೆ. ಅವಳು ಮೊಣಕೈ ತಿರುಗಿಸಿ, "ತರಚಿದ್ದು ಎಡಗೈ ಅಲ್ವಾ ಅಪ್ಪ?" ಎಂದಳು. ನಾನು ಅಂಗಡಿಗೆಂದು ಎದ್ದೆ. ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ ಗಂಟುಮೋರೆಯವರು ತಿರುಗದೆಯೇ, "ಹೌದಮ್ಮ, ಹಾರಿದ್ದು ಬಲಕ್ಕೇ, ಬಿದ್ದದ್ದು ಎಡಕ್ಕೆ. ನಾನು ನಿಮ್ಮಪ್ಪನ ಪಕ್ಕದಲ್ಲೇ ಇದ್ದೆ, ನೋಡಿದೆ" ಎಂದರು. ಮಗಳು ಮುಖವರಳಿಸಿ ನಕ್ಕಳು, ಮತ್ತೊಮ್ಮೆ ಹೇಳಿ ಎಂದು ಅವರನ್ನೂ ಕೂರಿಸಿಕೊಂಡಳು. ಹಾಗಾಗಿ ಮಾನ್ಯರೇ, ಉಳಿದ ಐವರನ್ನು ತಕ್ಷಣ ಕರೆಸಿಕೊಳ್ಳಿ; ಇವರೊಬ್ಬರನ್ನು ಮಾತ್ರ ಇಲ್ಲಿಯೇ ಬಿಡಿ. ಮೊದಲರ್ಧದಲ್ಲಿ ಅವಳು ತಡೆದ ಇನ್ನೊಂದು ಚೆಂಡಿನ ವಿಷಯ ನಾಳೆ ಕೇಳುತ್ತಾಳಂತೆ, ಅದನ್ನೂ ನಾನು ನೋಡಿಲ್ಲ.